ವಾರದವರ ಊಟ, ಅಕ್ಕನ ಪಾನಕ

ಮನುಷ್ಯ ಮೊದಲ ದಿನ ಉಂಡಷ್ಟು ನಾಲ್ಕನೆಯ ದಿನ ಉಣ್ಣುವುದಿಲ್ಲ. ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು, ಬೇರೆ ಬಿಲ್ಲು ಬರುವುದಿಲ್ಲ ಎಂದು ಗೊತ್ತಾದರೆ ಶನಿವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಅವನ ಕೈಗೆ ಬಿಡುವಿಲ್ಲ. ಸೋಮವಾರ ಎರಡು ದೋಸೆ ಕಡಿಮೆಯಾಗುತ್ತದೆ. ಬುಧವಾರ ಅಡುಗೆಮನೆಯ ಬಾಗಿಲಿಗೆ ಬಂದು, ಇವತ್ತು ಸುಮ್ಮನೆ ಗಂಜಿ ಉಪ್ಪಿನಕಾಯಿ ಸಾಕಿತ್ತು ಎನ್ನುತ್ತಾನೆ. ಶುಕ್ರವಾರ ಹಸಿವು ಮತ್ತೆ ಬರುತ್ತದೆ, ಮರುದಿನ ಹೊರಡಬೇಕಲ್ಲ. ಅಕ್ಕಿ ಅಳೆಯುವವನ ತಲೆಯಲ್ಲಿ ಈ ಏರಿಳಿತ ಇರಬೇಕು.

ನಾನು ಇದನ್ನು ಕಲಿತದ್ದು ಎಂಬತ್ತರ ದಶಕದಲ್ಲಿ, ಕಡಬ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಹೊಳೆಬದಿಯಲ್ಲಿದ್ದ ಒಂದು ಹಳೇ ಬಂಗಲೆಯಲ್ಲಿ. ಹಿಂದೆ ಯಾರೋ ರಬ್ಬರ್ ತೋಟದವರು ಕಟ್ಟಿಸಿದ್ದು. ಅದನ್ನು ಕೊಂಡುಕೊಂಡ ಧಣಿ ಎಲ್ಲರ ಹಾಗೆ ಲಾಡ್ಜು ಮಾಡಲಿಲ್ಲ. ಎಂಟು ಕೋಣೆ ಮಾಡಿಸಿ, ಪ್ರತಿ ಕೋಣೆಗೂ ವರ್ಷದ ಒಂದೊಂದು ವಾರವನ್ನು ಒಂದೊಂದು ಕುಟುಂಬಕ್ಕೆ ಬರೆದುಕೊಟ್ಟರು. ಒಮ್ಮೆ ಸದಸ್ಯರಾದರೆ ಪ್ರತಿ ವರ್ಷ ಅದೇ ವಾರ, ಅದೇ ಕೋಣೆ. ಊಟ, ತಿಂಡಿ, ಕುಡಿಯುವುದು ಎಲ್ಲ ಸೇರಿ. ಈಗ ಇಂಥದ್ದಕ್ಕೆ ದೊಡ್ಡ ದೊಡ್ಡ ರೆಸಾರ್ಟುಗಳಿವೆ, ಟೈಮ್‌ಶೇರ್ ಎನ್ನುತ್ತಾರೆ. ಆಗ ನಮ್ಮ ಬಾಯಲ್ಲಿ ಅವರು ಬರೀ ‘ವಾರದವರು’. ಶನಿವಾರ ಬೆಳಿಗ್ಗೆ ಒಂದು ವಾರದವರು ಹೊರಟರೆ ಸಂಜೆಗೆ ಇನ್ನೊಂದು ವಾರದವರು. ಮಳೆಗಾಲದಲ್ಲಿ ಬಾಗಿಲು ಹಾಕುತ್ತಿದ್ದೆವು.

ಮೊದಲ ಎರಡು ವರ್ಷ ಆ ಬಂಗಲೆ ಎಂದರೆ ನನ್ನ ಅಡುಗೆ. ಹೀಗೆ ಬರೆಯುವಾಗ ಈಗ ಸಂಕೋಚವಾಗುತ್ತದೆ, ಆದರೆ ಅದು ನಿಜ, ಮತ್ತು ಅದು ನಿಜವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಪುತ್ತೂರಿನ ಹತ್ತಿರದ ಸವಣೂರಿನವನು, ಮಂಗಳೂರಿನ ಹೋಟೆಲುಗಳಲ್ಲಿ ಪಳಗಿದವನು. ಮೈಸೂರಿನ ಒಬ್ಬರು ನಿವೃತ್ತ ಮೇಷ್ಟ್ರು ಪ್ರತಿ ವರ್ಷ ಮೇ ತಿಂಗಳ ಎರಡನೆಯ ವಾರ ಹೆಂಡತಿಯೊಂದಿಗೆ ಬರುತ್ತಿದ್ದರು. ಎಪ್ಪತ್ತರ ಹತ್ತಿರದ ಪ್ರಾಯ. ಸ್ನಾನ ಮುಗಿಸಿ ನೇರ ಅಡುಗೆಮನೆಗೆ ಬಂದು, ಅರೆಯುವ ಕಲ್ಲಿನ ಪಕ್ಕದ ಮಣೆಯ ಮೇಲೆ ಕೂತು, “ಇವತ್ತೇನ್ರೀ ಮಾಡ್ತಿದೀರಿ?” ಎಂದು ಕೇಳುವುದು ಅವರ ರೂಢಿ. ಪತ್ರೊಡೆಯ ಎಲೆಗೆ ಹಿಟ್ಟು ಸವರುವುದನ್ನು ಅವರಿಗೆ ಕಲಿಸಿದ್ದೆ. ಅವರು ಬಂದು ಕೂತರೆ ನನ್ನ ಕೈ ಇನ್ನಷ್ಟು ಚುರುಕಾಗುತ್ತಿತ್ತು.

ತೊಂದರೆ ಇದ್ದದ್ದು ಕುಡಿಯುವ ವಿಷಯದಲ್ಲಿ. ‘ಎಲ್ಲ ಸೇರಿ’ ಎಂದು ಕಾಗದದಲ್ಲಿ ಬರೆದಿತ್ತು, ಆದರೆ ನಾನು ಕೊಡುತ್ತಿದ್ದದ್ದು ಎರಡು ಹೊತ್ತು ಕಾಫಿ, ಒಂದು ಚಹಾ, ಮಧ್ಯಾಹ್ನ ಮಜ್ಜಿಗೆ. ಮೇ ತಿಂಗಳ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಯಾರಾದರೂ ಬಾಯಾರಿ ಬಂದರೆ ಕುದಿಸಿ ಆರಿಸಿದ ನೀರು. ಇಬ್ಬರು ಮೂವರು ಸದಸ್ಯರು ಧಣಿಗೆ ಕಾಗದ ಬರೆದರು. ಮೂರನೆಯ ವರ್ಷ ಮಾರ್ಚಿನಲ್ಲಿ ಬಂಗಲೆಯ ಮ್ಯಾನೇಜರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು.

“ಇವರು ಜಾಲ್ಸೂರಿನವರು. ಇನ್ನು ಕುಡಿಯುದು ಎಲ್ಲ ಇವರದ್ದು. ನೀವು ಊಟ ತಿಂಡಿ ನೋಡಿಕೊಂಡ್ರೆ ಸಾಕು,” ಎಂದರು.

ಆಕೆ ಜಾಲ್ಸೂರಿನ ಬಸ್ ನಿಲ್ಲುವಲ್ಲಿ ಪಾನಕ ಮಜ್ಜಿಗೆ ಮಾರುತ್ತಿದ್ದವರು. ಕಾಸರಗೋಡಿನ ಬಸ್ಸಿಗೆ ಕಾಯುತ್ತ ಮ್ಯಾನೇಜರು ಅಲ್ಲಿ ಒಂದು ಗ್ಲಾಸು ಕುಡಿದಿದ್ದರಂತೆ, ಅಷ್ಟೇ ಅರ್ಹತೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಎಲ್ಲರೂ ಅಕ್ಕ ಎಂದರು, ನಾನೂ ಅಕ್ಕ ಎಂದೆ.

ಪೂರ್ವದ ಜಗಲಿಯಲ್ಲಿ ಒಂದು ಬೆಂಚು, ಮೂರು ಮಣ್ಣಿನ ಹೂಜಿ, ಒಂದು ತಾಮ್ರದ ಹಂಡೆ ಇಟ್ಟುಕೊಂಡು ಅವರು ಕೆಲಸ ಶುರುಮಾಡಿದರು. ಹಿಂದಿನ ಸಂಜೆಯೇ ನೀರು ಕುದಿಸಿ, ಬಟ್ಟೆಯಲ್ಲಿ ಸೋಸಿ, ಹೂಜಿಗೆ ತುಂಬಿಸಿ ಒದ್ದೆ ಗೋಣಿ ಸುತ್ತುವುದು. ಪುನರ್ಪುಳಿಯ, ಎಂದರೆ ಕೋಕಂ ಹಣ್ಣಿನ, ಒಣ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕೈಯಲ್ಲಿ ಹಿಂಡದೆ, ತಾನಾಗಿ ಬಣ್ಣ ಬಿಡುವವರೆಗೆ ಕಾಯುವುದು. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಬೆಲ್ಲ ಏಲಕ್ಕಿ ಸೇರಿಸಿ ಬೆಣ್ಣೆಯ ಹಾಗೆ ಅರೆದು, ಹಾಲು ನೀರು ಬೆರೆಸುವುದು. ಸಂಜೆಗೆ ಕೊತ್ತಂಬರಿ ಜೀರಿಗೆಯ ಕಷಾಯ. ಇವುಗಳಲ್ಲಿ ಒಂದೂ ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದ್ದು ಬೇರೆಯೇ ಇತ್ತು. ಗ್ಲಾಸು ಕೊಟ್ಟ ಮೇಲೆ ಅವರು ಕುಡಿಯುವವರ ಮುಖ ನೋಡುತ್ತಿದ್ದರು. ಮರುದಿನ ಅದೇ ಮನುಷ್ಯನಿಗೆ ಬೆಲ್ಲ ಒಂದು ಚಿಟಿಕೆ ಕಡಿಮೆ, ಇನ್ನೊಬ್ಬರಿಗೆ ಶುಂಠಿ ಸ್ವಲ್ಪ ಹೆಚ್ಚು. ಯಾರೂ ಬಾಯಿಬಿಟ್ಟು ಕೇಳಿದ್ದಲ್ಲ.

ಹದಿನೈದು ದಿನದಲ್ಲಿ ನನ್ನ ಮಧ್ಯಾಹ್ನದ ಊಟ ಬಿದ್ದುಹೋಯಿತು. ಎಂಟು ಸೇರು ಅಕ್ಕಿ ಹಾಕುತ್ತಿದ್ದವನು ಆರಕ್ಕೆ ಇಳಿದೆ, ಆದರೂ ಅನ್ನ ಉಳಿಯುತ್ತಿತ್ತು. ಸಾಂಬಾರಿನ ಪಾತ್ರೆ ಅರ್ಧ ತುಂಬಿಕೊಂಡೇ ಒಳಗೆ ಬರುತ್ತಿತ್ತು. ಹನ್ನೊಂದೂವರೆಗೆ ಎರಡು ಗ್ಲಾಸು ಎಳ್ಳಿನ ಪಾನಕ ಕುಡಿದವರಿಗೆ ಒಂದು ಗಂಟೆಗೆ ಹಸಿವು ಎಲ್ಲಿಂದ ಬರಬೇಕು? ನಾನು ಆಫೀಸಿಗೆ ಹೋಗಿ ಮ್ಯಾನೇಜರರ ಹತ್ತಿರ ಹೇಳಿದೆ.

“ನಿಮಗೆ ಕೆಲಸ ಕಡಿಮೆ ಆಯ್ತಲ್ಲ ಮಾರಾಯ್ರೆ. ಸಂತೋಷ ಪಡಿ,” ಎಂದು ಅವರು ನಕ್ಕರು.

ಆ ನಗು ಮೈಯೆಲ್ಲ ಉರಿಸಿತು. ಆದರೆ ಅದಕ್ಕಿಂತ ಹೆಚ್ಚು ಉರಿಸಿದ್ದು ಆಮೇಲೆ ನಡೆದದ್ದು. ಮುಂದಿನ ವಾರದಿಂದ ಅಕ್ಕ ತಾವಾಗಿಯೇ ಎಳ್ಳಿನ ಪಾನಕವನ್ನು ಹತ್ತು ಗಂಟೆಗೇ ಮುಗಿಸಿದರು. ಹನ್ನೊಂದರ ಮೇಲೆ ಶುಂಠಿ ಲಿಂಬೆ ಮಾತ್ರ, ಅದೂ ಸಣ್ಣ ಗ್ಲಾಸಿನಲ್ಲಿ. “ಶುಂಠಿ ಹೋದ್ರೆ ಹಸಿವು ಬರ್ತದೆ. ಅವರು ಅಷ್ಟು ಅಡುಗೆ ಮಾಡಿದ್ದು ದಂಡ ಆಗುದು ಬೇಡ,” ಎಂದು ಯಾರಿಗೋ ಹೇಳುವುದು ಕಿಟಕಿಯಿಂದ ಕೇಳಿಸಿತು. ಸಾಂಬಾರು ಮತ್ತೆ ಖಾಲಿಯಾಗತೊಡಗಿತು. ನನ್ನ ಅಡುಗೆಗೆ ಹಸಿವನ್ನು ಕೊಡುವವರೂ ಈಗ ಅವರೇ ಎಂದಾಯಿತು. ಅವರು ತಪ್ಪು ಮಾಡಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ನಾನು ಮಾಡಿದ ಸಣ್ಣತನಗಳನ್ನು ಮುಚ್ಚಿಡುವುದಿಲ್ಲ. ಸೌದೆ ಹಂಚುವಾಗ ಹಸಿ ಸೌದೆ ಅವರ ಒಲೆಗೆ ಕಳಿಸುತ್ತಿದ್ದೆ. ಉಗ್ರಾಣದ ಬೀಗದಕೈ ನನ್ನ ಸೊಂಟದಲ್ಲಿತ್ತು, ಒಳ್ಳೆಯ ಬೆಲ್ಲ ಒಳಗಿಟ್ಟು ಮಣ್ಣು ಬೆರೆತದ್ದನ್ನು ಕೊಡುತ್ತಿದ್ದೆ. ಅವರು ಅದನ್ನು ಕರಗಿಸಿ, ಎರಡು ಸಲ ಸೋಸಿ, ಏನೂ ಹೇಳದೆ ಬಳಸಿದರು. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಹೂಜಿಯಿಂದ ಅರ್ಧ ಲೋಟ ಪುನರ್ಪುಳಿ ಬಗ್ಗಿಸಿಕೊಂಡು, ಬಾಗಿಲು ಓರೆ ಮಾಡಿಕೊಂಡು ಕುಡಿದೆ. ದೋಷ ಹುಡುಕುವುದಕ್ಕೆಂದೇ ಕುಡಿದದ್ದು. ಸಿಗಲಿಲ್ಲ. ಮರುದಿನ ನಾನೇ ಮಾಡಿ ನೋಡಿದೆ. ಬಣ್ಣ ಬಂತು, ಆದರೆ ನಾಲಿಗೆಯ ಕೊನೆಯಲ್ಲಿ ಒಗರು ಉಳಿಯಿತು. ಅದನ್ನು ಬಾಳೆಬುಡಕ್ಕೆ ಚೆಲ್ಲಿದೆ.

ಮೇ ಎರಡನೆಯ ವಾರ ಮೇಷ್ಟ್ರು ಬಂದರು. ಅವರಿಗೆಂದು ಕೆಸುವಿನ ಎಲೆ ತರಿಸಿಟ್ಟಿದ್ದೆ, ಮಣೆ ಒರೆಸಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ಒಂದು ನಿಮಿಷ ನಿಂತು, “ಚೆನ್ನಾಗಿದೀರಾ?” ಎಂದು ಕೇಳಿ, ಜಗಲಿಯ ಕಡೆಗೆ ಹೋದರು. ಅಲ್ಲಿಂದ ಹತ್ತೂವರೆಯವರೆಗೆ ಏಳಲಿಲ್ಲ. ಅಕ್ಕ ಮನೆಯಲ್ಲಿ ಆಡುವುದು ಅರೆಭಾಷೆ, ಸುಳ್ಯದ ಕಡೆಯ ಒಂದು ಬಗೆಯ ಕನ್ನಡ. ಮೇಷ್ಟ್ರು ಅದರ ಒಂದೊಂದು ಮಾತು ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಎಳ್ಳು ಹುರಿಯಲು ಕೂತಿದ್ದರು. ಜಗಲಿಯಿಂದ ನಗು ಬಂದಾಗಲೆಲ್ಲ ನನ್ನ ಕೈಯಲ್ಲಿದ್ದ ಸಟ್ಟುಗ ನಿಲ್ಲುತ್ತಿತ್ತು. ಪತ್ರೊಡೆಯನ್ನು ನಾನೊಬ್ಬನೇ ಸುತ್ತಿದೆ. ಊಟಕ್ಕೆ ಕೂತಾಗ ಮೇಷ್ಟ್ರು ತಿಂದು, “ಪರವಾಗಿಲ್ಲ,” ಎಂದರು. ಬಹುಶಃ ಅವರು ಒಳ್ಳೆಯದೆಂಬ ಅರ್ಥದಲ್ಲೇ ಹೇಳಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ.

ಆ ವರ್ಷ ಸೆಕೆ ಜಾಸ್ತಿ. ಹೂಜಿಯ ತಂಪು ಸಾಲದು ಎಂದು ವಾರದವರು ಹೇಳಿದ್ದರಿಂದ ವಾರಕ್ಕೆ ಎರಡು ದಿನ ನಮ್ಮ ಜೀಪು ಪುತ್ತೂರಿಗೆ ಹೋಗಿ ಐಸ್‌ಕ್ಯಾಂಡಿ ಮಾಡುವಲ್ಲಿಂದ ಒಂದು ಗಟ್ಟಿ ಐಸು ತರುತ್ತಿತ್ತು, ಮರದ ಹುಡಿಯಲ್ಲಿ ಹುಗಿದು. ಅಕ್ಕ ಅದನ್ನು ತೊಳೆದು, ಕುಟ್ಟಿ, ಪಾನಕಕ್ಕೆ ಹಾಕುತ್ತಿದ್ದರು. ಜಾಲ್ಸೂರಿನಲ್ಲಿ ಅವರಿಗೆ ಐಸಿನ ಅಭ್ಯಾಸವೇ ಇರಲಿಲ್ಲ. ಅವರಿಗೆ ಗೊತ್ತಿಲ್ಲದ ಒಂದೇ ವಸ್ತು ಅದು.

ಮಂಗಳವಾರ ಜೀಪು ಬಂದಾಗ ನಾನು ಹಿತ್ತಿಲಲ್ಲಿ ತರಕಾರಿ ತೊಳೆಯುತ್ತಿದ್ದೆ. ಹುಡಿಯ ಪೆಟ್ಟಿಗೆ ಇರಲಿಲ್ಲ. ಒಂದು ಗೋಣಿ, ಅದರೊಳಗೆ ಐಸು. ಗೋಣಿಯ ನೂಲಿನಲ್ಲಿ ಮೀನಿನ ಪೊರೆ ಒಂದೆರಡು ಮಿನುಗುತ್ತಿತ್ತು.

“ಎಲ್ಲಿಯದ್ದು ಇದು?” ಎಂದು ಕೇಳಿದೆ.

“ಫ್ಯಾಕ್ಟರಿ ಬಂದ್ ಅಣ್ಣ, ಮಿಷನ್ ಹಾಳಾಗಿದೆಯಂತೆ,” ಎಂದ ಡ್ರೈವರು. “ಬರೀ ಕೈಯಲ್ಲಿ ಬಂದ್ರೆ ಮ್ಯಾನೇಜರು ಬಯ್ತಾರೆ. ಮೀನಿನ ಲಾರಿಯವರ ಹತ್ರ ಸಿಕ್ಕಿತು. ಎಂತ, ಆಗುದಿಲ್ವಾ?”

ಮಂಗಳೂರಿನಲ್ಲಿ ನಾನು ಆ ಐಸು ಮಾಡುವುದನ್ನು ಕಂಡಿದ್ದೇನೆ. ತುಕ್ಕು ಹಿಡಿದ ಡಬ್ಬಗಳಿಗೆ ಸಿಕ್ಕಿದ ನೀರು ತುಂಬಿಸುತ್ತಾರೆ. ಮೀನು ಕೆಡದಿದ್ದರೆ ಸಾಕು, ಕುಡಿಯುವ ಯೋಚನೆ ಯಾರಿಗೂ ಇಲ್ಲ. ನಾನು ಕೆಲಸ ಮಾಡಿದ ಹೋಟೆಲಿನಲ್ಲಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಡ್ರೈವರು ನನ್ನ ಬಾಯಿಯನ್ನೇ ನೋಡುತ್ತಿದ್ದ. ಆಗುದಿಲ್ಲ, ಹೊಳೆಗೆ ಬಿಸಾಡು ಎನ್ನಲು ಎಷ್ಟು ಹೊತ್ತು ಬೇಕಿತ್ತು?

“ನನಗೆಂತ ಗೊತ್ತು? ಅದು ಅಕ್ಕನ ವಿಷಯ. ಚೆನ್ನಾಗಿ ತೊಳೆದು ಕೊಡು,” ಎಂದೆ.

ಅವನು ನಲ್ಲಿಯಡಿ ತೊಳೆದು, ಗೋಣಿ ಬಿಸಾಡಿ, ಬರೀ ಐಸನ್ನು ತಪ್ಪಲೆಯಲ್ಲಿಟ್ಟು ಜಗಲಿಗೆ ಕೊಂಡುಹೋದ. ಅವತ್ತು ಎಳ್ಳಿನ ಪಾನಕದ ದಿನ. ನಾನು ಅಡುಗೆಮನೆಯಲ್ಲಿ ನಿಂತು ಐಸು ಕುಟ್ಟುವ ಸದ್ದು ಕೇಳಿದೆ. ಯಾರಿಗಾದರೂ ಏನಾದರೂ ಆಗಲಿ ಎಂದು ಬಯಸಿದೆನೇ? ಇಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ವಾಸನೆ ಬರಲಿ, ಒಬ್ಬರಾದರೂ ಮುಖ ಸಿಂಡರಿಸಲಿ, ಆ ಬೆಂಚಿನ ಸುತ್ತ ಒಂದು ದಿನ ಯಾರೂ ಕೂರದಿರಲಿ ಎಂದು ಬಯಸಿದ್ದು ಮಾತ್ರ ಹೌದು. ಯಾರೂ ಮುಖ ಸಿಂಡರಿಸಲಿಲ್ಲ. ಮೇಷ್ಟ್ರು ಎರಡು ಗ್ಲಾಸು ಕುಡಿದರು.

ಬುಧವಾರ ಬೆಳಿಗ್ಗೆ ನಾನು ದೋಸೆಕಲ್ಲು ಇಡುವಷ್ಟರಲ್ಲಿ ಐದು ಮಂದಿಗೆ ವಾಂತಿ ಭೇದಿ ಶುರುವಾಗಿತ್ತು. ನಾಲ್ಕು ಮಂದಿ ಎದ್ದು ಓಡಾಡುತ್ತಿದ್ದರು. ಮೇಷ್ಟ್ರು ಹಾಸಿಗೆಯಿಂದ ಏಳಲಿಲ್ಲ. ಕೋಣೆಗೆ ಹೋಗಿ ನೋಡಿದೆ. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಅವರ ಹೆಂಡತಿ ಕಾಲು ತಿಕ್ಕುತ್ತ, “ಕೈಕಾಲೆಲ್ಲ ತಣ್ಣಗಾಗ್ತಿದೆ ನೋಡಿ,” ಎಂದರು. ನಾನು ಮುಟ್ಟಿ ನೋಡಿದೆ, ಹೌದು. ಜೀಪು ಕಡಬಕ್ಕೆ ಹೋಗಿ ಡಾಕ್ಟರನ್ನು ಕರೆತಂದಿತು. ಅವರು ಸಲೈನ್ ಬಾಟಲಿ ಏರಿಸಿದರು. ಸಂಜೆಯೊಳಗೆ ಮೂತ್ರ ಹೋಗದಿದ್ದರೆ ಪುತ್ತೂರಿಗೆ ಸೇರಿಸಬೇಕು ಎಂದರು. ಅಷ್ಟರವರೆಗೆ ಉಪ್ಪು ಸಕ್ಕರೆ ಹಾಕಿದ ಕುದಿಸಿದ ನೀರು, ಗಂಜಿ ತಿಳಿ, ಚಮಚ ಚಮಚವಾಗಿ, ಬಿಡದೆ ಕೊಡಬೇಕು.

ಕೊಟ್ಟದ್ದು ಅಕ್ಕ. ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದು ಚಮಚ ಕೊಟ್ಟು, ಅದು ಒಳಗೆ ನಿಲ್ಲುವವರೆಗೆ ಕಾದು, ಇನ್ನೊಂದು ಚಮಚ. ಗಂಜಿ ತಿಳಿ ಬಸಿದು ಕೊಟ್ಟದ್ದು ನಾನು.

ಮ್ಯಾನೇಜರು ಅಡುಗೆಮನೆಗೆ ಬಂದು ಎಲ್ಲರನ್ನೂ ನಿಲ್ಲಿಸಿದರು. ಅವರ ಸಂಶಯ ಮೊದಲು ಹೋದದ್ದು ಹಿಂದಿನ ದಿನ ನಾನು ಮಾಡಿದ್ದ ಸೌತೆಕಾಯಿ ಮೊಸರುಗೊಜ್ಜಿನ ಮೇಲೆ. ಸೆಕೆಗೆ ಮೊಸರು ಕೆಟ್ಟಿರಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲು ಅಕ್ಕ ಹೇಳಿದರು, “ಗೊಜ್ಜು ಅಲ್ಲ. ಅದನ್ನು ನಾನೂ ತಿಂದಿದ್ದೇನೆ, ಡ್ರೈವರೂ ತಿಂದಿದ್ದಾನೆ, ನಮಗೆ ಎಂತ ಆಗಲಿಲ್ಲ. ಬೆಳಿಗ್ಗೆ ಕೋಣೆ ಕೋಣೆಗೆ ಹೋಗಿ ಕೇಳಿಕೊಂಡು ಬಂದೆ. ಬಿದ್ದ ಐದು ಜನವೂ ಎಳ್ಳಿನ ಪಾನಕ ಕುಡಿದವರು. ಕುಡಿಯದವರು ಸರಿ ಇದ್ದಾರೆ. ತಪ್ಪು ನನ್ನದ್ದೇ. ಹಾಲು ಕೆಟ್ಟದ್ದಾ, ಎಂತದ್ದಾ, ನನಗೆ ಗೊತ್ತಾಗುದಿಲ್ಲ.”

ಡ್ರೈವರು ತಲೆ ತಗ್ಗಿಸಿ ನಿಂತಿದ್ದ. ನನ್ನ ಕಡೆ ಒಮ್ಮೆ ನೋಡಿ ಮತ್ತೆ ತಗ್ಗಿಸಿದ.

“ಧಣಿಗಳಿಗೆ ನಾನು ಎಂತ ಹೇಳುದು ಈಗ?” ಎಂದರು ಮ್ಯಾನೇಜರು. “ನೀವು ಸಂಜೆಯ ಸುಳ್ಯ ಬಸ್ಸಿಗೆ ಊರಿಗೆ ಹೋಗಿ. ಆಮೇಲೆ ನೋಡುವ.”

“ಹೋಗ್ತೇನೆ. ಮೇಷ್ಟ್ರು ಸ್ವಲ್ಪ ಸುಧಾರಿಸಲಿ,” ಎಂದು ಅಕ್ಕ ಕೋಣೆಗೆ ಹೋದರು.

ಎರಡು ತಿಂಗಳು ನಾನು ಕಾದದ್ದು ಈ ಮಾತಿಗೇ. ಬೆಂಚು ಖಾಲಿಯಾಗಿತ್ತು. ಹೂಜಿಗಳನ್ನು ಬೋರಲು ಹಾಕಿಟ್ಟಿದ್ದರು. ಗಂಜಿಯ ಪಾತ್ರೆ ಕೆಳಗಿಳಿಸಿ ಒಲೆಯ ಮುಂದೆ ಕೂತೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡ್ರೈವರು ತನ್ನ ಕೆಲಸ ಉಳಿಸಿಕೊಳ್ಳಲು ಬಾಯಿಬಿಡುವವನಲ್ಲ. ಅಕ್ಕ ಹಾಲನ್ನೇ ಬಯ್ದುಕೊಂಡು ಜಾಲ್ಸೂರಿಗೆ ಹೋಗಿ, ಅಲ್ಲಿ ಮುಂದೆ ಎಳ್ಳಿನ ಪಾನಕ ಮಾಡುವುದನ್ನೇ ಬಿಡುತ್ತಿದ್ದರೋ ಏನೋ. ನನ್ನನ್ನು ಎಬ್ಬಿಸಿದ್ದು ದೊಡ್ಡ ನ್ಯಾಯಬುದ್ಧಿ ಅಲ್ಲ. ನನ್ನ ಗೊಜ್ಜಿನ ಮೇಲೆ ಬಂದ ಅಪವಾದವನ್ನು ಅವರು ತಾವಾಗಿ ಎತ್ತಿ ತಮ್ಮ ಮೇಲೆ ಹಾಕಿಕೊಂಡರಲ್ಲ, ಅದನ್ನು ನುಂಗಲು ಆಗಲಿಲ್ಲ. ಇದರಲ್ಲೂ ಅವರೇ ದೊಡ್ಡವರಾಗಬೇಕೇ ಎಂದು ಹೊಟ್ಟೆ ಉರಿಯಿತು. ನಿಜ ಹೇಳಬೇಕೆಂದರೆ ಆ ಉರಿಯಲ್ಲೇ ಎದ್ದುಹೋದೆ.

ಮೇಷ್ಟ್ರ ಕೋಣೆಯ ಹೊರಗೆ ಮ್ಯಾನೇಜರು ಡಾಕ್ಟರರ ಜೊತೆ ನಿಂತಿದ್ದರು. ಬಾಗಿಲು ತೆರೆದಿತ್ತು. ಒಳಗೆ ಅಕ್ಕ ಚಮಚ ಹಿಡಿದಿದ್ದರು.

“ಹಾಲು ಅಲ್ಲ, ಐಸು,” ಎಂದೆ. “ಮೀನಿಗೆ ಹಾಕುವ ಐಸು. ಜೀಪಿನಿಂದ ಇಳಿಸುವಾಗಲೇ ನನಗೆ ಗೊತ್ತಿತ್ತು. ಡ್ರೈವರು ಆಗ್ತದಾ ಎಂದು ಕೇಳಿದ. ನಾನು ಬೇಡ ಹೇಳಲಿಲ್ಲ.”

“ಗೊತ್ತಿದ್ದೂ ಸುಮ್ಮನಿದ್ರಾ?” ಮ್ಯಾನೇಜರರ ಧ್ವನಿ ಮೆಲ್ಲಗಿತ್ತು. “ಯಾಕೆ?”

ಉತ್ತರ ಎಲ್ಲರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಆದರೂ ಹೇಳಿದೆ. “ಇವರ ಹೆಸರು ಹಾಳಾಗಲಿ ಅಂತ.”

ಅಕ್ಕ ತಿರುಗಿ ನೋಡಿದರು. ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಅವರ ಮುಖದಲ್ಲಿದ್ದದ್ದು ಅದಲ್ಲ. ನಾನು ಯಾರೆಂದು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿ, ಮತ್ತೆ ಮೇಷ್ಟ್ರ ಕಡೆ ತಿರುಗಿ ಚಮಚ ಬಾಯಿಗಿಟ್ಟರು.

ಸಂಜೆ ಐದರ ಹೊತ್ತಿಗೆ ಮೇಷ್ಟ್ರಿಗೆ ಮೂತ್ರ ಹೋಯಿತು. ಡಾಕ್ಟರು ನಾಡಿ ಹಿಡಿದು ನೋಡಿ, ಪುತ್ತೂರು ಬೇಡ ಎಂದರು. ಅವರ ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಅತ್ತರು. ನಾನು ಹಿತ್ತಿಲಲ್ಲಿ ನಿಂತಿದ್ದೆ.

ಮರುದಿನ ಮ್ಯಾನೇಜರು ನನ್ನನ್ನು ಕರೆದು, ಸೊಂಟದ ಬೀಗದಕೈ ಬಿಚ್ಚಿಕೊಡಲು ಹೇಳಿದರು. ಅದು ಅಕ್ಕನ ಕೈಗೆ ಹೋಯಿತು. ನನ್ನನ್ನು ಇಡುವುದೋ ಬಿಡುವುದೋ ಎಂದು ಅವರು ಅಕ್ಕನನ್ನೇ ಕೇಳಿದರು, ನನ್ನ ಎದುರಿಗೇ. ಅಕ್ಕ ಬೀಗದಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

“ಇರಲಿ,” ಎಂದರು. “ಅಡುಗೆ ಬೇರೆ ಯಾರಿಗೂ ಹೀಗೆ ಬರುದಿಲ್ಲ. ಆದರೆ ಇನ್ನು ಐಸು ಬಂದ್ರೆ ಮೊದಲು ಅವರು ನೋಡಬೇಕು. ಪಾನಕ ಯಾವುದು ಮಾಡಿದ್ರೂ ಮೊದಲ ಗ್ಲಾಸು ಅವರು ಕುಡಿಯಬೇಕು, ಎಲ್ಲರ ಎದುರು. ಆಮೇಲೆ ಬೇರೆಯವರಿಗೆ.”

ಐಸಿನ ಕ್ರಮವೂ ಬದಲಾಯಿತು. ಅದನ್ನು ಹೇಳಿದ್ದು ನಾನು. ಐಸು ಪಾನಕದೊಳಗೆ ಬೇಡ, ದೊಡ್ಡ ತಪ್ಪಲೆಯಲ್ಲಿ ಐಸು, ಉಪ್ಪು ತುಂಬಿಸಿ, ಅದರ ನಡುವೆ ಪಾನಕದ ಹಿತ್ತಾಳೆ ಪಾತ್ರೆ ಇಟ್ಟು ಬಾಯಿ ಕಟ್ಟಿದರೆ ಅರ್ಧ ಗಂಟೆಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅಕ್ಕ ಮೊದಲ ದಿನ ಕೈ ಅದ್ದಿ ನೋಡಿ, “ಆಗ್ತದೆ,” ಎಂದರು. ಅಷ್ಟೇ ಮಾತು. ಪುನರ್ಪುಳಿ, ಶುಂಠಿ ಲಿಂಬೆ ಮಾತ್ರ ಹಿತ್ತಾಳೆಯಲ್ಲಿ ಕೆಡುತ್ತವೆಂದು ಮಣ್ಣಿನ ಹೂಜಿಯನ್ನೇ ಐಸಿನಲ್ಲಿಡುತ್ತಿದ್ದರು. ಶನಿವಾರ ಮೇಷ್ಟ್ರು ಹೊರಡುವಾಗ ಕೋಲು ಊರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು. “ಗಂಜಿ ತಿಳಿ ಚೆನ್ನಾಗಿತ್ತು,” ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಮುಂದಿನ ವರ್ಷ ಅವರ ವಾರದಲ್ಲಿ ಅವರ ಮಗಳ ಸಂಸಾರ ಬಂತು. ಮೇಷ್ಟ್ರು ಬರಲಿಲ್ಲ.

ಹೀಗೆ ಎರಡು ಬೇಸಗೆ ನಾನು ದಿನವೂ ಹತ್ತು ಗಂಟೆಗೆ ಕೈ ಒರೆಸಿಕೊಂಡು ಜಗಲಿಗೆ ಹೋಗಿ, ವಾರದವರ ಎದುರು ನಿಂತು ಮೊದಲ ಗ್ಲಾಸು ಕುಡಿದೆ. ಇದು ಇಲ್ಲಿಯ ಪದ್ಧತಿ ಎಂದು ಅವರು ತಿಳಿದಿದ್ದರು. ಹೊಟ್ಟೆಕಿಚ್ಚು ಇದರಿಂದ ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಪಾನಕ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಗಂಟಲಿಗೆ ಇಳಿಯುವಾಗಲೇ ಕಿಚ್ಚೂ ಇಳಿಯುತ್ತಿತ್ತು. ಅಕ್ಕ ಗ್ಲಾಸು ಕೊಡುತ್ತಿದ್ದರು, ಖಾಲಿ ಗ್ಲಾಸು ತೆಗೆದುಕೊಳ್ಳುತ್ತಿದ್ದರು, ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಬೇರೆಲ್ಲರ ಮುಖ ನೋಡುವವರು ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

ಎರಡನೆಯ ಬೇಸಗೆಯ ಕೊನೆಯ ವಾರ ಮಳೆಯ ಮೋಡ ಬಂದಿತ್ತು. ಅಕ್ಕ ಆ ವರ್ಷ ಕೆಲಸ ಬಿಡುವವರಿದ್ದರು, ಸುಳ್ಯದಲ್ಲಿ ತಮ್ಮನ ಜೊತೆ ಸಣ್ಣ ಅಂಗಡಿ ಮಾಡುತ್ತಾರೆಂದು ಕೇಳಿದ್ದೆ. ಅವತ್ತು ಪುನರ್ಪುಳಿ. ಕುಡಿದು ಗ್ಲಾಸು ಹಿಂದೆ ಕೊಡುವಾಗ ಹೇಳಿಯೇಬಿಟ್ಟೆ.

“ಅಕ್ಕ, ಚೆನ್ನಾಗುಂಟು. ಯಾವತ್ತೂ ಚೆನ್ನಾಗಿಯೇ ಇತ್ತು.”

ಅವರು ಗ್ಲಾಸನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದರು.

“ಗೊತ್ತುಂಟು,” ಎಂದರು. “ನೋಡ್ಲಿಕ್ಕೆ ಒಂದು ಗುಟುಕು ಕುಡಿದ್ರೆ ಸಾಕಿತ್ತು ನಿಮಗೆ. ಎರಡು ವರ್ಷ ಒಂದು ದಿನವೂ ಗ್ಲಾಸಲ್ಲಿ ಬಿಡಲಿಲ್ಲ.”